ಕಂಪನಿಯವರು ಬಂದು ಹೋದಮೇಲೆ ನಿಮ್ಮೂರಲ್ಲಿ ಏನು ಉಳಿಯಿತು? ಸಿಎಸ್‌ಆರ್ ಹಣ, ನೌಕರರ ಸೇವೆ ಬಗ್ಗೆ ಚರ್ಚೆ

ಸಂಪಿಗೆಮರ (ಎಳೆ ಶುರು ಮಾಡಿದವರು)

ಎಲ್ಲರಿಗೂ ನಮಸ್ಕಾರ. ನಾನು ಬೆಂಗಳೂರಿನ ಒಂದು ದೊಡ್ಡ ಸಾಫ್ಟ್‌ವೇರ್ ಕಂಪನಿಯಲ್ಲಿ ಕೆಲಸ ಮಾಡುತ್ತೇನೆ. ಈ ಸಲ ನಮ್ಮ ಆಫೀಸಿನ ಸ್ವಯಂಸೇವಕರ ತಂಡ ನೋಡಿಕೊಳ್ಳುವ ಜವಾಬ್ದಾರಿ ನನಗೆ ಬಂದಿದೆ. ಮುಂದಿನ ವರ್ಷ ಏನು ಮಾಡಬೇಕು ಅಂತ ನೌಕರರೇ ಬರೆದು ಕೊಡಿ, ಸಿಎಸ್‌ಆರ್ (ಕಂಪನಿಯ ಸಾಮಾಜಿಕ ಹೊಣೆಗಾರಿಕೆ) ವಿಭಾಗ ನೋಡುತ್ತದೆ ಅಂದಿದ್ದಾರೆ. ಅದಕ್ಕೇ ಇಲ್ಲಿ ಕೇಳುತ್ತಿದ್ದೇನೆ.

ಇಲ್ಲಿಯವರೆಗೆ ನಡೆದುಕೊಂಡು ಬಂದದ್ದು ಹೀಗೆ. ಒಂದು ಶನಿವಾರ ಬಸ್ ಬರುತ್ತದೆ. ಎಲ್ಲರಿಗೂ ಒಂದೇ ಬಣ್ಣದ ಟೀ ಶರ್ಟ್. ಊರಾಚೆಯ ಸರ್ಕಾರಿ ಶಾಲೆಗೆ ಹೋಗಿ ಗೋಡೆಗೆ ಬಣ್ಣ ಬಳಿಯುತ್ತೇವೆ, ಗಿಡ ನೆಡುತ್ತೇವೆ, ಮಕ್ಕಳ ಜೊತೆ ಆಡುತ್ತೇವೆ, ಫೋಟೋ ತೆಗೆಸಿಕೊಂಡು ವಾಪಸ್ ಬರುತ್ತೇವೆ. ಬಂದವರೆಲ್ಲ ಮನಸ್ಸಿಟ್ಟೇ ಕೆಲಸ ಮಾಡುತ್ತಾರೆ, ಅದರಲ್ಲಿ ಅನುಮಾನ ಬೇಡ. ಆದರೆ ಹೋದ ವರ್ಷ ನಮ್ಮನ್ನು ಕರೆದುಕೊಂಡು ಹೋದ ಶಾಲೆಗೆ ಅದಕ್ಕೂ ಮೊದಲೇ ಇನ್ನೊಂದು ಕಂಪನಿಯವರು ಬಣ್ಣ ಬಳಿದಿದ್ದರು. ಚೆನ್ನಾಗಿದ್ದ ಗೋಡೆಗೇ ಮತ್ತೆ ಬಳಿದು ಬಂದೆವು. ಅದೇ ಶಾಲೆಯ ಹೆಣ್ಣುಮಕ್ಕಳ ಶೌಚಾಲಯಕ್ಕೆ ನೀರಿರಲಿಲ್ಲ. ಆ ದಿನದ ಪಟ್ಟಿಯಲ್ಲಿ ನಲ್ಲಿ ರಿಪೇರಿ ಇರಲಿಲ್ಲ, ಬಣ್ಣ ಇತ್ತು.

ನನಗೆ ಗೊತ್ತಾಗಬೇಕಿರುವುದು ಇಷ್ಟು. ನಿಮ್ಮೂರಿಗೆ, ನಿಮ್ಮ ಶಾಲೆಗೆ, ಕೆರೆಗೆ, ಆಸ್ಪತ್ರೆಗೆ ಯಾವುದಾದರೂ ಕಂಪನಿ ಏನಾದರೂ ಮಾಡಿಕೊಟ್ಟಿದೆಯಾ? ಅದು ಈಗಲೂ ಇದೆಯಾ? ಉಳಿದಿದ್ದರೆ ಯಾಕೆ ಉಳಿಯಿತು, ಹಾಳಾಗಿದ್ದರೆ ಯಾಕೆ ಹಾಳಾಯಿತು? ಒಳ್ಳೆಯದು ಕೆಟ್ಟದ್ದು ಎರಡೂ ಹೇಳಿ. ಬೈದರೂ ಪರವಾಗಿಲ್ಲ, ಕಾರಣ ಹೇಳಿ ಬೈಯಿರಿ.

ಲೆಕ್ಕಪತ್ರ

ಒಳ್ಳೆಯ ಪ್ರಶ್ನೆ. ನಾನು ಕಂಪನಿ ಸೆಕ್ರೆಟರಿ ಕೆಲಸ ಮಾಡುವವನು, ಸಿಎಸ್‌ಆರ್ ಕಡತಗಳು ನನ್ನ ಮೇಜಿನ ಮೇಲೆಯೇ ಓಡಾಡುತ್ತವೆ. ಮೊದಲು ನಿಯಮ ಹೇಳಿಬಿಡುತ್ತೇನೆ. ನೀವು ಕಂಡ ಅರ್ಧ ತೊಂದರೆಗೆ ಮೂಲ ಅಲ್ಲೇ ಇದೆ.

2013ರ ಕಂಪನಿ ಕಾಯ್ದೆಯ 135ನೇ ಕಲಂ 2014ರ ಏಪ್ರಿಲ್ 1ರಿಂದ ಜಾರಿಗೆ ಬಂತು. ಹಿಂದಿನ ವರ್ಷದಲ್ಲಿ 500 ಕೋಟಿ ನಿವ್ವಳ ಮೌಲ್ಯ, ಇಲ್ಲವೇ 1,000 ಕೋಟಿ ವಹಿವಾಟು, ಇಲ್ಲವೇ 5 ಕೋಟಿ ನಿವ್ವಳ ಲಾಭ, ಇವುಗಳಲ್ಲಿ ಒಂದನ್ನು ಮುಟ್ಟಿದ ಕಂಪನಿ ತನ್ನ ಹಿಂದಿನ 3 ವರ್ಷಗಳ ಸರಾಸರಿ ಲಾಭದ ಕನಿಷ್ಠ 2% ಹಣವನ್ನು ಸಮಾಜದ ಕೆಲಸಕ್ಕೆ ಖರ್ಚು ಮಾಡಬೇಕು. ಯಾವ ಯಾವ ಕೆಲಸ ಅನ್ನುವುದು 7ನೇ ಅನುಸೂಚಿಯಲ್ಲಿದೆ. ತನ್ನ ನೌಕರರಿಗೆ ಮಾತ್ರ ಅನುಕೂಲ ಆಗುವ ಕೆಲಸ ಲೆಕ್ಕಕ್ಕಿಲ್ಲ. ರಾಜಕೀಯ ಪಕ್ಷಕ್ಕೆ ಕೊಟ್ಟದ್ದೂ ಇಲ್ಲ. ಕಾರ್ಖಾನೆ, ಕಚೇರಿ ಇರುವ ಸುತ್ತಮುತ್ತಲ ಪ್ರದೇಶಕ್ಕೆ ಆದ್ಯತೆ ಕೊಡಬೇಕು ಅಂತಲೂ ಇದೆ. ಆಡಳಿತದ ಖರ್ಚು 5% ಮೀರುವ ಹಾಗಿಲ್ಲ.

ಈಗ ನಿಮ್ಮ ವಿಷಯಕ್ಕೆ ಬರುತ್ತೇನೆ. ನೀವು ಶಾಲೆಯಲ್ಲಿ ದುಡಿದ ಶನಿವಾರಕ್ಕೆ ಬೆಲೆ ಕಟ್ಟಿ ಈ 2% ಒಳಗೆ ತೋರಿಸಲು ಬರುವುದಿಲ್ಲ. 2021ರಲ್ಲಿ ಕಂಪನಿ ವ್ಯವಹಾರಗಳ ಸಚಿವಾಲಯ ಇದನ್ನು ಸ್ಪಷ್ಟ ಮಾಡಿತು. ಹಾಗಾಗಿ ಹಣ ಕಾನೂನಿನ ಬಾಧ್ಯತೆ, ನಿಮ್ಮ ಶ್ರಮ ನೀವಾಗಿ ಕೊಟ್ಟದ್ದು. ಎಷ್ಟೋ ಕಂಪನಿಗಳಲ್ಲಿ ಈ ಎರಡನ್ನೂ ಬೇರೆ ಬೇರೆ ಜನ ನೋಡಿಕೊಳ್ಳುತ್ತಾರೆ. ಶನಿವಾರದ ಬಸ್ಸಿನ ಏರ್ಪಾಡು ಎಚ್‌ಆರ್‌ನವರದ್ದು, ಕೋಟಿಯ ಚೆಕ್ ಸಿಎಸ್‌ಆರ್ ಸಮಿತಿಯದ್ದು. ಅವರಿಬ್ಬರೂ ಕೂತು ಮಾತಾಡುವುದೇ ಇಲ್ಲ.

ಇನ್ನೊಂದು ಮುಖ್ಯ ವಿಷಯ. ಸಿಎಸ್‌ಆರ್ ಹಣದಲ್ಲಿ ಕಟ್ಟಡ, ಯಂತ್ರ ಏನೇ ಮಾಡಿದರೂ ಅದನ್ನು ಕಂಪನಿ ತನ್ನ ಹೆಸರಲ್ಲಿ ಇಟ್ಟುಕೊಳ್ಳುವ ಹಾಗಿಲ್ಲ. ನೋಂದಾಯಿತ ಸಂಸ್ಥೆಗೋ, ಫಲಾನುಭವಿಗಳ ಸಂಘಕ್ಕೋ, ಸರ್ಕಾರಿ ಪ್ರಾಧಿಕಾರಕ್ಕೋ ವಹಿಸಬೇಕು. ಇದು ಸರಿಯಾದ ನಿಯಮವೇ. ಆದರೆ ವಹಿಸಿದ ಮಾರನೇ ದಿನದಿಂದ ಕರೆಂಟ್ ಬಿಲ್ಲು, ರಿಪೇರಿ, ಕಾವಲು ಎಲ್ಲ ಅವರ ತಲೆ ಮೇಲೆ. ಅದಕ್ಕೆ ಬಜೆಟ್ ಯಾರೂ ಇಟ್ಟಿರುವುದಿಲ್ಲ. ಹಲವು ವರ್ಷ ನಡೆಯುವ ಯೋಜನೆಗೂ, ಶುರುವಾದ ವರ್ಷ ಬಿಟ್ಟು, ಹೆಚ್ಚೆಂದರೆ 3 ವರ್ಷದ ಅವಧಿ.

ಕೋಲಾರದ ಮೇಷ್ಟ್ರು

ಲೆಕ್ಕಪತ್ರ ಅವರು ಹೇಳಿದ "ಮಾರನೇ ದಿನ" ನಮಗೆ ಚೆನ್ನಾಗಿ ಗೊತ್ತು. ನಾನು ಸರ್ಕಾರಿ ಹಿರಿಯ ಪ್ರಾಥಮಿಕ ಶಾಲೆಯಲ್ಲಿ ಪಾಠ ಮಾಡುತ್ತೇನೆ. ಬೆಂಗಳೂರು ಹತ್ತಿರ ಇರುವುದರಿಂದ ನಮ್ಮ ಕಡೆ ಕಂಪನಿಯವರು ಆಗಾಗ ಬರುತ್ತಾರೆ. ಬ್ಯಾಗು, ನೋಟ್‌ಬುಕ್ಕು, ಜಾಮಿಟ್ರಿ ಬಾಕ್ಸು, ಕಂಪ್ಯೂಟರು, ಸ್ಮಾರ್ಟ್ ಟಿವಿ ಎಲ್ಲ ಬಂದಿವೆ. ಯಾರನ್ನೂ ದೂರುವುದಕ್ಕೆ ಹೇಳುತ್ತಿಲ್ಲ. ನೋಟ್‌ಬುಕ್ ಕೊಳ್ಳಲು ಕಷ್ಟಪಡುವ ಮನೆಗಳು ಈಗಲೂ ಇವೆ.

ಆದರೆ ಕಂಪ್ಯೂಟರ್ ಕಥೆ ಕೇಳಿ. ಒಂದು ಸಂಸ್ಥೆಯವರು ಕೊಠಡಿ ತುಂಬಾ ಕಂಪ್ಯೂಟರ್ ಇಟ್ಟು, ರಿಬ್ಬನ್ ಕತ್ತರಿಸಿ ಹೋದರು. ಒಂದೆರಡು ವರ್ಷಕ್ಕೆ ಯುಪಿಎಸ್ ಬ್ಯಾಟರಿ ಹೋಯಿತು. ಹೊಸ ಬ್ಯಾಟರಿಗೆ ಎಸ್‌ಡಿಎಂಸಿ (ಶಾಲಾಭಿವೃದ್ಧಿ ಮತ್ತು ಮೇಲುಸ್ತುವಾರಿ ಸಮಿತಿ) ಹತ್ತಿರ ದುಡ್ಡಿಲ್ಲ, ಇಲಾಖೆಯ ಅನುದಾನದಲ್ಲಿ ಅದಕ್ಕೆ ಜಾಗ ಇಲ್ಲ. ಕೊಟ್ಟವರಿಗೆ ಫೋನ್ ಮಾಡಿದರೆ "ಆ ಪ್ರಾಜೆಕ್ಟ್ ಮುಗಿದಿದೆ ಸರ್" ಅಂದರು. ಕೊಠಡಿಗೆ ಬೀಗ ಬಿತ್ತು.

ಅದನ್ನು ತೆಗೆಸಿದವರು ಬೇರೆಯವರು. ಒಂದು ಕಂಪನಿಯ ಐದಾರು ಜನ ಎಂಜಿನಿಯರುಗಳು ಬಣ್ಣ ಬಳಿಯಲು ಬಂದಿದ್ದರು. ಅವರಲ್ಲಿ ಒಬ್ಬ ಹುಡುಗ ಬೀಗ ಹಾಕಿದ ಕೊಠಡಿ ನೋಡಿ ಕೇಳಿದ. ತಾವೇ ಚಂದಾ ಹಾಕಿ ಬ್ಯಾಟರಿ ತಂದರು, ಕೆಟ್ಟ ಯಂತ್ರದ ಭಾಗ ತೆಗೆದು ಒಳ್ಳೆಯದಕ್ಕೆ ಹಾಕಿದರು. ಈಗಲೂ ತಿಂಗಳಿಗೊಮ್ಮೆ ಯಾರಾದರೂ ಒಬ್ಬರು ಬರುತ್ತಾರೆ. ಬ್ಯಾನರ್ ಇಲ್ಲ, ಬಸ್ ಇಲ್ಲ, ಬೈಕಲ್ಲಿ ಬರುತ್ತಾರೆ. ಮಕ್ಕಳಿಗೆ ಅವರ ಹೆಸರು ಗೊತ್ತು. ನಮ್ಮ ಶಾಲೆಗೆ ಬಂದ ಸಹಾಯದಲ್ಲಿ ಬೆಲೆಯಲ್ಲಿ ಅತಿ ಸಣ್ಣದು ಅದೇ ಇರಬೇಕು. ಬಾಳಿಕೆ ಬಂದದ್ದೂ ಅದೇ.

ಇನ್ನು ಮೊಟ್ಟೆ ವಿಷಯ ಹೇಳಲೇಬೇಕು. ಬಿಸಿಯೂಟದ ಜೊತೆ ಸರ್ಕಾರ ವಾರಕ್ಕೆ 2 ದಿನ ಮೊಟ್ಟೆ ಕೊಡುತ್ತಿತ್ತು. 2024ರಲ್ಲಿ ಅಜೀಂ ಪ್ರೇಮ್‌ಜಿ ಫೌಂಡೇಶನ್ 3 ವರ್ಷಕ್ಕೆ 1,500 ಕೋಟಿಗೂ ಹೆಚ್ಚು ಹಣ ಕೊಡಲು ಒಪ್ಪಿಕೊಂಡಿತು, ವಾರಕ್ಕೆ 6 ದಿನ ಆಯಿತು. ಒಂದನೇ ಕ್ಲಾಸಿನಿಂದ ಹತ್ತನೇ ಕ್ಲಾಸಿನ ತನಕ ಸರ್ಕಾರಿ, ಅನುದಾನಿತ ಶಾಲೆಯ ಮಕ್ಕಳಿಗೆಲ್ಲ. ಮೊಟ್ಟೆ ತಿನ್ನದವರಿಗೆ ಬಾಳೆಹಣ್ಣು. ಮೊದಲು ಚಿಕ್ಕಿಯೂ ಇತ್ತು, 2025ರಲ್ಲಿ ನಿಲ್ಲಿಸಿದರು. ಇದು 2% ಕಾನೂನಿನ ಹಣ ಅಲ್ಲ. ಪ್ರೇಮ್‌ಜಿ ಅವರು ತಮ್ಮ ವಿಪ್ರೋ ಷೇರುಗಳನ್ನು ಫೌಂಡೇಶನ್ನಿಗೆ ಬರೆದುಕೊಟ್ಟದ್ದರಿಂದ ಬರುವ ಆದಾಯ. ಮಧ್ಯಾಹ್ನ ಮಕ್ಕಳ ತಟ್ಟೆ ನೋಡಿದವನಿಗೆ ಅದರ ಬೆಲೆ ಗೊತ್ತು.

ಆದರೂ ತೊಂದರೆ ಇಲ್ಲದೆ ಇಲ್ಲ. ಒಂದು ಮೊಟ್ಟೆಗೆ ನಿಗದಿ ಆದದ್ದು 6 ರೂಪಾಯಿ. ಅದರಲ್ಲೇ ಮೊಟ್ಟೆ ಬೆಲೆ, ಗ್ಯಾಸು, ಸುಲಿಯುವ ಕೂಲಿ ಎಲ್ಲ ಬರಬೇಕು. ಮಾರ್ಕೆಟ್‌ನಲ್ಲಿ ಮೊಟ್ಟೆ ಬೆಲೆ ಏರಿದಾಗ ಮುಖ್ಯ ಶಿಕ್ಷಕರು ಕೈಯಿಂದ ಹಾಕಿದ್ದು ಉಂಟು. ದಿನಾ ನೂರಾರು ಮೊಟ್ಟೆ ಬೇಯಿಸಿ ಸುಲಿಯುವ ಅಡುಗೆ ಅಮ್ಮಂದಿರ ಕೆಲಸ ಎಷ್ಟು ಹೆಚ್ಚಾಯಿತು ಅಂತ ಯಾರೂ ಬರೆಯುವುದಿಲ್ಲ. ದೊಡ್ಡ ದಾನದ ಕೊನೆಯ ಹೆಜ್ಜೆ ಯಾವಾಗಲೂ ಇಂಥವರ ಕೈಯಲ್ಲೇ ಇರುತ್ತದೆ.

ಸಂಪಿಗೆಮರ

ಮೇಷ್ಟ್ರೇ, ತುಂಬಾ ಥ್ಯಾಂಕ್ಸ್. ಬ್ಯಾಟರಿ ವಿಷಯ ಬರೆದಿಟ್ಟುಕೊಂಡೆ. ಒಂದು ಕೇಳಲಾ? ನಮ್ಮಂಥವರು ಬರುವ ಮೊದಲು ನಿಮ್ಮನ್ನು ಯಾರಾದರೂ "ಏನು ಬೇಕು" ಅಂತ ಕೇಳುತ್ತಾರಾ?

ಕೋಲಾರದ ಮೇಷ್ಟ್ರು

ಕೇಳುತ್ತಾರಮ್ಮ. ಆದರೆ ಅವರ ಹತ್ತಿರ ಇರುವ ಪಟ್ಟಿಯಲ್ಲಿ ಯಾವುದು ಬೇಕು ಅಂತ ಕೇಳುತ್ತಾರೆ. ಪಟ್ಟಿಯಲ್ಲಿ ಇಲ್ಲದ್ದನ್ನು ಹೇಳಿದರೆ "ನೋಡೋಣ" ಅನ್ನುತ್ತಾರೆ. ಇನ್ನೊಂದು ವಿಷಯ. ಮಾರ್ಚ್ ತಿಂಗಳಲ್ಲಿ ಬರಬೇಡಿ. ಹಣಕಾಸು ವರ್ಷ ಮುಗಿಯುತ್ತದೆ ಅಂತ ಎಲ್ಲರೂ ಆಗಲೇ ಓಡಿ ಬರುತ್ತಾರೆ. ನಮಗೆ ಅದು ಪರೀಕ್ಷೆಯ ಕಾಲ.

ಮಲಪ್ರಭಾ ದಂಡಿ

ನಾನು ಬಾಗಲಕೋಟೆ ಜಿಲ್ಲೆಯವ. 2009ರ ನೆರೆ ನೆನಪು ಮಾಡುತ್ತೇನೆ. ಸೆಪ್ಟೆಂಬರ್ ಕೊನೆಗೆ, ಅಕ್ಟೋಬರ್ ಮೊದಲ ವಾರಕ್ಕೆ ಸುರಿದ ಮಳೆಗೆ ಉತ್ತರ ಕರ್ನಾಟಕದ ಹಳ್ಳಿ ಹಳ್ಳಿಗಳೇ ಮುಳುಗಿದವು. ಮಣ್ಣಿನ ಮನೆಗಳು ಕುಸಿದವು. ಸರ್ಕಾರ "ಆಸರೆ" ಅಂತ ಯೋಜನೆ ಮಾಡಿ ಕಂಪನಿಗಳನ್ನು, ಮಠಗಳನ್ನು, ಸಂಘಸಂಸ್ಥೆಗಳನ್ನು ಕರೆಯಿತು. ಜಾಗ ಸರ್ಕಾರದ್ದು, ಮನೆ ದಾನಿಗಳದ್ದು. ಇನ್ಫೊಸಿಸ್ ಫೌಂಡೇಶನ್ ಒಂದೇ 2,000ಕ್ಕೂ ಜಾಸ್ತಿ ಮನೆ ಕಟ್ಟಿಸಿಕೊಟ್ಟಿತು. ನೆನಪಿರಲಿ, ಆಗ 2% ಕಾನೂನೇ ಇರಲಿಲ್ಲ. ಯಾರ ಒತ್ತಾಯವೂ ಇಲ್ಲದೆ ಬಂದು ಕಟ್ಟಿದವರು ಅವರು. ನೆರೆಯಲ್ಲಿ ಎಲ್ಲ ಕಳೆದುಕೊಂಡು ತಗಡಿನ ಶೆಡ್ಡಿನಲ್ಲಿ ಕೂತವರಿಗೆ ಅದು ದೊಡ್ಡ ಆಸರೆಯೇ ಆಯಿತು.

ಹಾಗಿದ್ದರೂ ಎಷ್ಟೋ ಊರುಗಳಲ್ಲಿ ಆಸರೆ ಮನೆಗಳು ಖಾಲಿ ಬಿದ್ದವು. ಕಟ್ಟಿದವರು ಕೆಟ್ಟವರಂತಲ್ಲ. ಹೊಸ ಊರಿನ ಜಾಗ ಹೊಲದಿಂದ ದೂರ. ಎತ್ತು, ಎಮ್ಮೆ ಕಟ್ಟುವುದಕ್ಕೆ ಕೊಟ್ಟಿಗೆ ಇಲ್ಲ. ಕಣ ಎಲ್ಲಿ, ಬಣವೆ ಎಲ್ಲಿ, ಜೋಳದ ಚೀಲ ಎಲ್ಲಿ ಇಡುವುದು? ಎರಡು ಕೋಣೆಯ ಮನೆ ನಗರದ ಬಡಾವಣೆಗೆ ಸರಿ. ಒಕ್ಕಲುತನ ಮಾಡುವ ಕುಟುಂಬಕ್ಕೆ ಮನೆ ಅಂದರೆ ದನಕರು ಸೇರಿಯೇ ಮನೆ. ನೀರು, ಲೈಟು ಬರುವುದು ತಡವಾದ ಕಡೆ ಜನ ಹಳೆಯ ಊರಿಗೇ ತಿರುಗಿ ಬಂದರು. ಆಮೇಲೆ 2019ರಲ್ಲಿ ಮತ್ತೆ ನೆರೆ ಬಂತು.

ಗ್ರಾಮಸಭೆ ಕರೆದು, ಹೆಣ್ಣುಮಕ್ಕಳನ್ನೂ ಕೂರಿಸಿ ನಕ್ಷೆ ತೋರಿಸಿದ್ದರೆ ಇದರಲ್ಲಿ ಎಷ್ಟೋ ಆಗಲೇ ಗೊತ್ತಾಗುತ್ತಿತ್ತು. ಸಂಪಿಗೆಮರ ಅವರೇ, ನೀವು ಏನೇ ಮಾಡಿ, ಕೊಡುವ ಮೊದಲು ಊರವರ ಮುಂದೆ ಒಮ್ಮೆ ಕೂತುಕೊಳ್ಳಿ.

ನೀರಗಂಟಿ

ಬಾಗೇಪಲ್ಲಿ ಕಡೆಯವನು ನಾನು. ನಮ್ಮಲ್ಲಿ ಸಿಎಸ್‌ಆರ್ ಅಂದರೆ ಜನಕ್ಕೆ ನೆನಪಾಗುವುದು ಶುದ್ಧ ಕುಡಿಯುವ ನೀರಿನ ಘಟಕ. ಬೋರ್‌ವೆಲ್ 1,000 ಅಡಿ ದಾಟಿದೆ, ನೀರಲ್ಲಿ ಫ್ಲೋರೈಡ್. ಲೀಟರಿಗೆ 1.5 ಮಿಲಿಗ್ರಾಂ ಮೀರಿದರೆ ಕುಡಿಯಬಾರದು. ಮೀರಿದ ನೀರನ್ನೇ ಕುಡಿದು ಹಲ್ಲು ಕಂದು ಆದವರು, ಮಂಡಿ ಬಗ್ಗಿಸಲಾಗದವರು ಊರೂರಲ್ಲಿ ಇದ್ದಾರೆ. ಹಾಗಾಗಿ ಘಟಕ ಬೇಡ ಅಂತ ಯಾರೂ ಹೇಳುವುದಿಲ್ಲ. ಕಾಯಿನ್ ಹಾಕಿದರೆ 20 ಲೀಟರ್ ಕ್ಯಾನ್ ತುಂಬುತ್ತದೆ. ಬೆಳಿಗ್ಗೆ ಸಾಲು ನಿಂತಿರುತ್ತದೆ.

ಯಾವ ಘಟಕ ನಡೆಯುತ್ತದೆ, ಯಾವುದು ನಿಲ್ಲುತ್ತದೆ ಅಂತ ನೋಡಿದ್ದೇನೆ. ಗೋಡೆ ಮೇಲೆ ಯಾವ ಕಂಪನಿಯ ಹೆಸರಿದೆ ಅನ್ನುವುದಕ್ಕೂ ಇದಕ್ಕೂ ಸಂಬಂಧ ಇಲ್ಲ. ಕಾಯಿನ್ ಬಾಕ್ಸಿನ ದುಡ್ಡು ಎಲ್ಲಿಗೆ ಹೋಗುತ್ತದೆ ಅನ್ನುವುದಕ್ಕೆ ಇದೆ. ನೀರು ಸೋಸುವ ಆರ್‌ಒ ಮೆಂಬ್ರೇನ್ (ತೆಳು ಪೊರೆ) ಶಾಶ್ವತ ಅಲ್ಲ. ಗಡಸು ನೀರಿಗೆ ಬೇಗ ಕಟ್ಟಿಕೊಳ್ಳುತ್ತದೆ. ಫಿಲ್ಟರ್ ಕಾಟ್ರಿಜ್ ತಿಂಗಳಿಗೊಮ್ಮೆ ನೋಡಬೇಕು, ಮೆಂಬ್ರೇನ್ ಎರಡು ಮೂರು ವರ್ಷಕ್ಕೆ ಬದಲಿಸಬೇಕು, ಪಂಪ್ ಸುಟ್ಟರೆ ಸುತ್ತಿಸಬೇಕು. ಒಂದೂರಲ್ಲಿ ಕಂಪನಿಯವರು ಘಟಕ ಕಟ್ಟುವ ಮೊದಲೇ ಸ್ತ್ರೀಶಕ್ತಿ ಸಂಘದ ಹೆಸರಲ್ಲಿ ಬ್ಯಾಂಕ್ ಖಾತೆ ಮಾಡಿಸಿದರು. ಕಾಯಿನ್ ದುಡ್ಡು ವಾರಕ್ಕೊಮ್ಮೆ ಅಲ್ಲಿಗೆ. ಸಂಘದ ಒಬ್ಬ ಹುಡುಗಿಗೆ ಯಂತ್ರ ಬಿಚ್ಚಿ ಜೋಡಿಸುವುದನ್ನು ಕಲಿಸಿದರು. ಅದು ನಿಂತಿಲ್ಲ. ಪಕ್ಕದೂರಲ್ಲಿ ಅಂಥದೇ ಯಂತ್ರ, ಖಾತೆ ಇಲ್ಲ, ಲೆಕ್ಕ ಇಲ್ಲ. ಮೆಂಬ್ರೇನ್ ಹೋದ ದಿನ ಬಾಗಿಲು ಮುಚ್ಚಿತು.

ಇನ್ನೊಂದು ಯಾರೂ ಯೋಚಿಸದ ವಿಷಯ, ರಿಜೆಕ್ಟ್ ನೀರು. ಶುದ್ಧ ಮಾಡುವಾಗ ಫ್ಲೋರೈಡ್ ಜಾಸ್ತಿ ಆದ ನೀರು ಹೊರಗೆ ಬೀಳುತ್ತದೆ. ಅದನ್ನು ಚರಂಡಿಗೆ ಬಿಟ್ಟರೆ ಮತ್ತೆ ಭೂಮಿಗೇ. ಶಾಲೆ ಶೌಚಾಲಯಕ್ಕೆ, ಪಾತ್ರೆ ತೊಳೆಯುವುದಕ್ಕೆ ತಿರುಗಿಸಬಹುದು. ಒಂದು ಪೈಪಿನ ಖರ್ಚು ಅಷ್ಟೇ.

ಸತ್ಯ ಹೇಳ್ತೀನಿ

ಎಲ್ಲ ಓದಿದೆ. ನನ್ನದೊಂದು ಮೂಲ ಪ್ರಶ್ನೆ. ಶಾಲೆ, ನೀರು, ಆಸ್ಪತ್ರೆ, ಇವೆಲ್ಲ ಸರ್ಕಾರದ ಕೆಲಸ ಅಲ್ವಾ? ಕಂಪನಿಯಿಂದ ಅಷ್ಟು ತೆರಿಗೆ ಜಾಸ್ತಿ ತಗೊಂಡು ಸರ್ಕಾರವೇ ಮಾಡಲಿ. ಯಾವ ಊರಿಗೆ ಕೊಡಬೇಕು ಅಂತ ಕಂಪನಿಯ ಸಮಿತಿ ಯಾಕೆ ತೀರ್ಮಾನಿಸಬೇಕು? ಬೆಂಗಳೂರು ಸುತ್ತಮುತ್ತಲ ಶಾಲೆಗೆ ಮೂರು ಸಲ ಬಣ್ಣ, ಯಾದಗಿರಿಯ ಶಾಲೆಗೆ ಒಂದೂ ಇಲ್ಲ. ಇದು ನ್ಯಾಯವಾ?

ಲೆಕ್ಕಪತ್ರ

ನಿಮ್ಮ ಕೊನೆಯ ಮಾತು ನಿಜ. ಸುತ್ತಮುತ್ತಲ ಪ್ರದೇಶಕ್ಕೆ ಆದ್ಯತೆ ಅನ್ನುವ ನಿಯಮದಿಂದ ಕಾರ್ಖಾನೆ ಇರುವ ಜಿಲ್ಲೆಗೆ ಮತ್ತೆ ಹಣ, ಇಲ್ಲದ ಜಿಲ್ಲೆಗೆ ಇಲ್ಲ ಅನ್ನುವ ಹಾಗೆ ಆಗಿದೆ. ಆದರೆ ಅಲ್ಲಿ ಮಾತ್ರ ಮಾಡಬೇಕು ಅಂತ ಕಡ್ಡಾಯ ಇಲ್ಲ. ಸಚಿವಾಲಯವೇ ಇದನ್ನು ಹೇಳಿದೆ. ಹಾಗಾಗಿ ಯಾದಗಿರಿಗೆ ಹೋಗುವುದಕ್ಕೆ ಕಾನೂನು ಅಡ್ಡ ಬರುವುದಿಲ್ಲ. ಕಂಪನಿಯ ಮನಸ್ಸು ಬರಬೇಕು.

ತೆರಿಗೆ ಬಗ್ಗೆ: ಸಿಎಸ್‌ಆರ್ ಖರ್ಚನ್ನು ವ್ಯಾಪಾರದ ಖರ್ಚು ಅಂತ ತೋರಿಸಿ ಲಾಭದಿಂದ ಕಳೆಯಲು ಆದಾಯ ತೆರಿಗೆ ಕಾನೂನು ಬಿಡುವುದಿಲ್ಲ. ಅಂದರೆ ಇದೂ ಒಂಥರಾ ತೆರಿಗೆಯೇ, ಎಲ್ಲಿಗೆ ಹೋಗಬೇಕು ಅಂತ ಕಟ್ಟುವವನೇ ಆರಿಸುವ ತೆರಿಗೆ. ಅದಕ್ಕೇ ಆರಿಸುವವರ ಜವಾಬ್ದಾರಿ ದೊಡ್ಡದು. 2021ರ ತಿದ್ದುಪಡಿ ಬಂದಮೇಲೆ ಖರ್ಚು ಮಾಡದೆ ಸುಮ್ನೆ ಕೂರುವ ಹಾಗೂ ಇಲ್ಲ. ಉಳಿದ ಹಣ ಪ್ರತ್ಯೇಕ ಖಾತೆಗೋ, ಸರ್ಕಾರ ಹೇಳಿದ ನಿಧಿಗೋ ಹೋಗಬೇಕು, ಇಲ್ಲದಿದ್ದರೆ ದಂಡ.

ಹಗರಿ ಹೊಳೆ

ಬಳ್ಳಾರಿಯಿಂದ ಒಂದು ಮಾತು. 2021ರ ಮೇ ತಿಂಗಳು ಯಾರೂ ಮರೆತಿಲ್ಲ. ಆಕ್ಸಿಜನ್ ಇಲ್ಲದೆ ಜನ ಸಾಯುತ್ತಿದ್ದಾಗ ತೋರಣಗಲ್ಲಿನಲ್ಲಿ ಜಿಂದಾಲ್ ಉಕ್ಕಿನ ಕಾರ್ಖಾನೆ ಪಕ್ಕದಲ್ಲೇ 1,000 ಹಾಸಿಗೆಯ ತಾತ್ಕಾಲಿಕ ಆಸ್ಪತ್ರೆ ಎದ್ದಿತು. ಉಕ್ಕು ಮಾಡಲು ತಯಾರಾಗುವ ಆಕ್ಸಿಜನ್ನನ್ನೇ ಪೈಪ್ ಹಾಕಿ ತಂದರು. ದ್ರವ ಮಾಡಿ ಟ್ಯಾಂಕರಿನಲ್ಲಿ ಸಾಗಿಸುವ ಗೋಜೇ ಇಲ್ಲ. ತನ್ನ ಹತ್ತಿರ ಏನಿದೆಯೋ ಅದನ್ನೇ ಕಂಪನಿ ಕೊಟ್ಟರೆ ಎಷ್ಟು ಬೇಗ ಕೆಲಸ ಆಗುತ್ತದೆ ಅನ್ನುವುದಕ್ಕೆ ಇದಕ್ಕಿಂತ ಉದಾಹರಣೆ ಬೇಡ.

ಆದರೆ ಗಣಿ ಸೀಮೆಯವರು ಇನ್ನೊಂದನ್ನು ಬೇರೆ ಮಾಡಿ ನೋಡಬೇಕು. ಜಿಲ್ಲಾ ಖನಿಜ ಪ್ರತಿಷ್ಠಾನದ ಹಣ ದಾನ ಅಲ್ಲ. ಗಣಿ ನಡೆಸುವವರು ರಾಯಲ್ಟಿಯ ಮೇಲೆ ಕಟ್ಟಲೇಬೇಕಾದ ಪಾಲು ಅದು, 2015ರ ಕಾನೂನು ತಿದ್ದುಪಡಿಯಿಂದ ಬಂದದ್ದು. ನಮ್ಮ ಹೊಲದ ಮೇಲೆ ಕೂತ ಕೆಂಪು ಧೂಳಿಗೆ, ಹಾಳಾದ ರಸ್ತೆಗೆ, ಕೆಮ್ಮಿಗೆ ಸಿಗಬೇಕಾದ ಪರಿಹಾರ. ಅದನ್ನೂ ಸಿಎಸ್‌ಆರನ್ನೂ ಕಲಸಿ ಒಂದೇ ಬೋರ್ಡಿನಲ್ಲಿ ಬರೆದರೆ ಊರವರು ಕೃತಜ್ಞತೆ ಹೇಳುವ ಸ್ಥಾನದಲ್ಲಿ ನಿಲ್ಲಬೇಕಾಗುತ್ತದೆ. ಬಾಕಿ ತೀರಿಸುವುದು ಬೇರೆ, ಕೊಡುವುದು ಬೇರೆ. ನಿಮ್ಮದು ಸಾಫ್ಟ್‌ವೇರ್ ಕಂಪನಿ, ಧೂಳು ಇಲ್ಲ. ಆದರೆ ನಿಮ್ಮ ಕ್ಯಾಂಪಸ್ಸಿನ ಕೊಳಚೆ ನೀರು, ಟ್ಯಾಂಕರ್ ನೀರು ಎಲ್ಲಿಂದ ಬರುತ್ತದೆ, ಎಲ್ಲಿಗೆ ಹೋಗುತ್ತದೆ ಅಂತಲೂ ಒಮ್ಮೆ ನೋಡಿ.

ಕೆರೆ ಏರಿ

ಹಗರಿ ಹೊಳೆಯವರ ಮಾತಿಗೆ ಸೇರಿಸುತ್ತೇನೆ. ಬೆಂಗಳೂರಿನ ಕೆರೆಗಳಲ್ಲಿ ಕಂಪನಿ ಹಣ ಚೆನ್ನಾಗಿ ಕೆಲಸ ಮಾಡಿದ್ದನ್ನು ನೋಡಬೇಕಾದರೆ ಆನೇಕಲ್ ತಾಲ್ಲೂಕಿನ ಕ್ಯಾಲಸನಹಳ್ಳಿಗೆ ಹೋಗಿ. 36 ಎಕರೆ ಕೆರೆ ಒಣಗಿ ಬಿದ್ದಿತ್ತು. 2017ರಲ್ಲಿ ಸನ್‌ಸೇರಾ ಕಂಪನಿಯ ಸಿಎಸ್‌ಆರ್ ಹಣದಲ್ಲಿ ಹೂಳು ತೆಗೆದರು. ಆಗ ಅಲ್ಲೇ ನೌಕರರಾಗಿದ್ದ ಎಂಜಿನಿಯರ್ ಆನಂದ್ ಮಲ್ಲಿಗವಾಡ ಮುಂದೆ ನಿಂತು ಮಾಡಿಸಿದರು. ತೆಗೆದ ಹೂಳಲ್ಲೇ ಕೆರೆ ನಡುವೆ ದ್ವೀಪಗಳನ್ನು ಮಾಡಿದರು, ಮಳೆ ಬಂದಾಗ ಕೆರೆ ತುಂಬಿತು. ಆಮೇಲೆ ಅವರು ಕೆಲಸ ಬಿಟ್ಟು ಕೆರೆಗಳನ್ನೇ ಹಿಡಿದರು. ಒಬ್ಬ ನೌಕರನ ಆಸಕ್ತಿ, ಕಂಪನಿಯ ಹಣ, ಊರವರ ಕೈ, ಮೂರೂ ಕೂಡಿದ್ದು ಅಲ್ಲಿ.

ಕೈಕೊಂಡ್ರಹಳ್ಳಿ ಕೆರೆ ಇನ್ನೊಂದು ಬಗೆ. ಅಲ್ಲಿ ಸುತ್ತಲಿನ ನಿವಾಸಿಗಳ ಸಮಿತಿಯೇ ದಿನದ ಕೆಲಸ ನೋಡಿಕೊಳ್ಳುತ್ತಿತ್ತು, ವಿಪ್ರೋ ಅದಕ್ಕೆ ನೆರವು ಕೊಟ್ಟಿತ್ತು. ಹೂಳು ತೆಗೆಯುವುದು ಒಂದು ಬೇಸಿಗೆಯ ಕೆಲಸ. ಕಾವಲುಗಾರನ ಸಂಬಳ, ಕಳೆ ತೆಗೆಯುವ ಕೂಲಿ, ಒಳಹರಿವಿನಲ್ಲಿ ಕಸ ತಡೆಯುವ ಜಾಲರಿ ತೊಳೆಯುವುದು, ಇವು ವರ್ಷವಿಡೀ ಇವೆ. ಇವಕ್ಕೆ ದುಡ್ಡು ಕೊಡುವವರು ಸಿಗುವುದೇ ಕಷ್ಟ.

ಕಡಲ ತಡಿ

ಮಂಗಳೂರಿನಿಂದ, ಸರ್ಕಾರಿ ಆಸ್ಪತ್ರೆಯಲ್ಲಿ ನರ್ಸ್. ಇಲ್ಲಿನ ಲೇಡಿಗೋಷನ್ ಹೆರಿಗೆ ಆಸ್ಪತ್ರೆಯ ಹೊಸ ಕಟ್ಟಡಕ್ಕೆ ಇಲ್ಲಿನ ತೈಲ ಶುದ್ಧೀಕರಣ ಕಂಪನಿ ಎಂಆರ್‌ಪಿಎಲ್ ಹಣ ಕೊಟ್ಟಿತು. 1849ರಿಂದ ನಡೆದುಕೊಂಡು ಬಂದ ಆಸ್ಪತ್ರೆ ಅದು, ಸುತ್ತಲಿನ ಜಿಲ್ಲೆಗಳಿಂದಲೂ ಬಡ ಹೆಂಗಸರು ಬರುತ್ತಾರೆ. ಹೊಸ ಕಟ್ಟಡದಿಂದ ತುಂಬಾ ಉಪಕಾರ ಆಗಿದೆ ಮಾರಾಯ್ರೆ.

ಆದರೆ ಯಂತ್ರ ಕೊಡುವವರಿಗೆ ನನ್ನದೊಂದೇ ವಿನಂತಿ. ಎಎಂಸಿ (ವಾರ್ಷಿಕ ನಿರ್ವಹಣೆ ಒಪ್ಪಂದ) ಸೇರಿಸಿ ಕೊಡಿ. ಕನಿಷ್ಠ 5 ವರ್ಷ. ವೆಂಟಿಲೇಟರಿನ ಒಂದು ಸೆನ್ಸರ್ ಹೋದರೆ ಇಡೀ ಯಂತ್ರ ಮೂಲೆಗೆ. ಬಿಡಿಭಾಗಕ್ಕೆ ಬರೆದು, ಒಪ್ಪಿಗೆ ಬಂದು, ಟೆಂಡರ್ ಆಗುವಷ್ಟರಲ್ಲಿ ಎಷ್ಟು ರೋಗಿಗಳು ಬಂದು ಹೋಗಿರುತ್ತಾರೆ!

ದೂರದ ಕನ್ನಡಿಗ

ನಾನು ನ್ಯೂಜೆರ್ಸಿಯಲ್ಲಿದ್ದೇನೆ. ಇಲ್ಲಿ ದೊಡ್ಡ ಕಂಪನಿಗಳಲ್ಲಿ ನೌಕರ ಕೊಟ್ಟಷ್ಟನ್ನು ಕಂಪನಿಯೂ ಸೇರಿಸುವ ಪದ್ಧತಿ ಇದೆ. ನೂರು ಕೊಟ್ಟರೆ ನೂರು. ಸೇವೆ ಮಾಡಿದ ಗಂಟೆಗೆ ಲೆಕ್ಕ ಹಾಕಿ ಆ ಸಂಸ್ಥೆಗೆ ಹಣ ಕಳಿಸುವ ಕಂಪನಿಗಳೂ ಇವೆ. ಭಾರತದಲ್ಲೂ ವಿಪ್ರೋ ಕಂಪನಿಯ ಸೇವಾ ಟ್ರಸ್ಟ್ ವಿಪ್ರೋ ಕೇರ್ಸ್‌ನಲ್ಲಿ ನೌಕರರು ಕೊಟ್ಟಷ್ಟನ್ನೇ ಕಂಪನಿ ಸೇರಿಸುತ್ತದೆ.

ಊರಿನ ಶಾಲೆಗೆ ಇಲ್ಲಿಂದ ಕೊಡಬೇಕು ಅನ್ನುವವರು ಒಂದು ತಿಳಿದಿರಬೇಕು. ವಿದೇಶಿ ಕಂಪನಿಯ ಹಣ, ಅಥವಾ ಅಮೆರಿಕದ ಪೌರತ್ವ ತಗೊಂಡವರ ಹಣ ಭಾರತದ ಸಂಸ್ಥೆಗೆ ಹೋಗಬೇಕಾದರೆ ಆ ಸಂಸ್ಥೆಗೆ ಎಫ್‌ಸಿಆರ್‌ಎ (ವಿದೇಶಿ ದೇಣಿಗೆ ನಿಯಂತ್ರಣ ಕಾಯ್ದೆ) ನೋಂದಣಿ ಬೇಕು. 2020ರ ತಿದ್ದುಪಡಿ ಆದಮೇಲೆ ಆ ಹಣ ಮೊದಲು ದೆಹಲಿಯ ಎಸ್‌ಬಿಐ ಮುಖ್ಯ ಶಾಖೆಯ ಖಾತೆಗೇ ಬರಬೇಕು. ಹಳ್ಳಿಯ ಸಣ್ಣ ಸಂಘಕ್ಕೆ ಇದು ಆಗದ ಮಾತು. ಭಾರತದ ಪಾಸ್‌ಪೋರ್ಟ್ ಇಟ್ಟುಕೊಂಡವರು ತಮ್ಮ ಸ್ವಂತ ಉಳಿತಾಯದಿಂದ ಬ್ಯಾಂಕ್ ಮೂಲಕ ಕೊಟ್ಟರೆ ಅದನ್ನು ವಿದೇಶಿ ದೇಣಿಗೆ ಅಂತ ಲೆಕ್ಕ ಹಾಕುವುದಿಲ್ಲ. ನಾವು ಕೆಲವರು ಇಲ್ಲಿಂದ ಹಣ ಕಳಿಸುವುದಕ್ಕಿಂತ ಜಾಸ್ತಿ ರಾತ್ರಿ ಹೊತ್ತು ವಿಡಿಯೋ ಕರೆಯಲ್ಲಿ ಗಣಿತ ಹೇಳಿಕೊಡುತ್ತೇವೆ. ಕನ್ನಡ ಮಾಧ್ಯಮದ ಮಕ್ಕಳಿಗೆ ಕನ್ನಡದಲ್ಲೇ. ಅದಕ್ಕೆ ಯಾವ ಅನುಮತಿಯೂ ಬೇಡ.

ಬಿಡದಿ ಬಳಗ

ಇಲ್ಲಿ ಯಾರೂ ಕೌಶಲದ ವಿಷಯ ಎತ್ತಲಿಲ್ಲ. ಬಿಡದಿಯ ಟೊಯೋಟಾ ಕಿರ್ಲೋಸ್ಕರ್ ಕಾರ್ಖಾನೆಯವರು 2007ರಲ್ಲಿ ತಾಂತ್ರಿಕ ತರಬೇತಿ ಸಂಸ್ಥೆ ಶುರು ಮಾಡಿದರು. ಎಸ್ಸೆಸ್ಸೆಲ್ಸಿ ಮುಗಿಸಿದ ಹಳ್ಳಿಯ ಬಡ ಮಕ್ಕಳಿಗೆ 3 ವರ್ಷ ಅಲ್ಲೇ ಊಟ, ವಸತಿ, ತರಬೇತಿ. ಹೊಲದಲ್ಲಿ ಟ್ರ್ಯಾಕ್ಟರ್ ರಿಪೇರಿ ನೋಡಿ ಬೆಳೆದ ಹುಡುಗರು ವೆಲ್ಡಿಂಗ್, ಪೇಂಟ್, ಮೆಕಟ್ರಾನಿಕ್ಸ್ ಕಲಿತು ಹೊರಗೆ ಬರುತ್ತಾರೆ. ಮೊದಲು ಹುಡುಗರಿಗೆ ಮಾತ್ರ ಇತ್ತು, ಈಗ ಹುಡುಗಿಯರಿಗೂ ಇದೆ. ಇದರಿಂದ ಕಂಪನಿಗೂ ಲಾಭ ಇದೆ, ಒಪ್ಪುತ್ತೇನೆ. ಆದರೆ ಒಂದು ಮನೆಯಲ್ಲಿ ಒಬ್ಬನಿಗೆ ಹೀಗೆ ಕೆಲಸ ಸಿಕ್ಕರೆ ಆ ಮನೆಯ ಉಳಿದ ಮಕ್ಕಳ ಓದೂ ನಿಲ್ಲುವುದಿಲ್ಲ. ನಮ್ಮ ಸಂಬಂಧಿಕರ ಮನೆಯಲ್ಲೇ ನೋಡಿದ್ದೇನೆ.

ಸಂಪಿಗೆಮರ ಅಕ್ಕ, ನಿಮಗೆ ಬರುವುದು ಸಾಫ್ಟ್‌ವೇರ್. ಬಣ್ಣ ಬಳಿಯುವುದಕ್ಕೆ ಊರಲ್ಲೇ ಪೇಂಟರ್‌ಗಳು ಇದ್ದಾರೆ, ಅವರಿಗೂ ಒಂದು ದಿನದ ಕೂಲಿ ಸಿಗಲಿ.

ಹೊಸಕೋಟೆ ಹುಡುಗಿ

ಬಣ್ಣದ ದಿನವನ್ನು ಎಲ್ಲರೂ ಬೈಯುತ್ತಿದ್ದೀರಿ, ನಾನು ಸ್ವಲ್ಪ ಅದರ ಪರ ಮಾತಾಡುತ್ತೇನೆ. ನಾನು ಓದಿದ್ದು ಸರ್ಕಾರಿ ಪ್ರೌಢಶಾಲೆಯಲ್ಲಿ. ಒಂದು ಸಲ ಕಂಪನಿಯವರು ಬಂದಿದ್ದರು. ಒಬ್ಬ ಅಕ್ಕ ನನ್ನ ಪಕ್ಕ ಕೂತು ಗೋಡೆಗೆ ಭೂಪಟ ಬರೆಯುತ್ತಾ ಮಾತಾಡಿದರು. ಅವರೂ ಕನ್ನಡ ಮಾಧ್ಯಮದಲ್ಲೇ ಓದಿದ್ದು, ಹಾಸನದ ಹತ್ತಿರದ ಹಳ್ಳಿ ಅಂದರು. ಅಲ್ಲಿಯವರೆಗೆ ಎಂಜಿನಿಯರ್ ಅಂದರೆ ಬೇರೆ ಯಾರೋ ಅಂದುಕೊಂಡಿದ್ದೆ. ನಮ್ಮಂಥವರೇ ಆಗಬಹುದು ಅಂತ ಅವತ್ತು ಗೊತ್ತಾಯಿತು. ಡಿಪ್ಲೊಮಾ ಸೇರಿದೆ, ಈಗ ಕೆಲಸದಲ್ಲಿದ್ದೇನೆ.

ಬಣ್ಣ ಯಾವತ್ತೋ ಉದುರಿದೆ. ಹಾಗಾಗಿ ಬರುವುದನ್ನು ನಿಲ್ಲಿಸಬೇಡಿ. ಬಂದಾಗ ಬ್ರಷ್ ಹಿಡಿಯುವುದು ಕಡಿಮೆ ಮಾಡಿ, ಮಕ್ಕಳ ಜೊತೆ ಕೂತು ಮಾತಾಡುವುದು ಜಾಸ್ತಿ ಮಾಡಿ. ಅದರಲ್ಲೂ ಒಂಬತ್ತು, ಹತ್ತನೇ ಕ್ಲಾಸಿನ ಹೆಣ್ಣುಮಕ್ಕಳ ಜೊತೆ. ಆಮೇಲೆ ಏನು ಓದಬಹುದು, ಸ್ಕಾಲರ್‌ಶಿಪ್ ಎಲ್ಲಿದೆ, ಹಾಸ್ಟೆಲ್‌ಗೆ ಅರ್ಜಿ ಹೇಗೆ ಹಾಕಬೇಕು, ಇದನ್ನೆಲ್ಲ ಅವರಿಗೆ ಹೇಳುವವರೇ ಇಲ್ಲ.

ಸಂಪಿಗೆಮರ

ಎಲ್ಲರ ಮಾತನ್ನೂ ಓದಿ, ನಮ್ಮ ತಂಡದವರಿಗೂ ಓದಿಸಿದೆ. ಹೊಸಕೋಟೆ ಹುಡುಗಿಯ ಮಾತು ಓದಿ ನಮ್ಮಲ್ಲಿ ಇಬ್ಬರು, ತಾವೂ ಹೀಗೇ ಬಂದವರು ಅಂತ ಮೊದಲ ಸಲ ಹೇಳಿಕೊಂಡರು.

ನಾವು ಬರೆದು ಕೊಡಬೇಕು ಅಂತಿರುವುದು ಇದು. ಹತ್ತು ಶಾಲೆ ಸುತ್ತುವುದು ಬೇಡ, ಎರಡು ಪ್ರೌಢಶಾಲೆ ಸಾಕು. ಕನಿಷ್ಠ 3 ವರ್ಷ ಅಲ್ಲಿಗೇ ಹೋಗುತ್ತೇವೆ. ಏನು ಮಾಡಬೇಕು ಅಂತ ಮೊದಲು ಎಸ್‌ಡಿಎಂಸಿ ಸಭೆಯಲ್ಲಿ ಕೂತು ಕೇಳುತ್ತೇವೆ, ನಮ್ಮ ಪಟ್ಟಿ ಹಿಡಿದು ಹೋಗುವುದಿಲ್ಲ. ಸಿಎಸ್‌ಆರ್ ಹಣದಿಂದ ನೀರು, ಶೌಚಾಲಯ, ಕಂಪ್ಯೂಟರ್ ಏನೇ ಆದರೂ ಅದರ ರಿಪೇರಿ ಹಣವನ್ನು ಮೊದಲ ಬಜೆಟ್ಟಿನಲ್ಲೇ ಸೇರಿಸಬೇಕು ಅಂತ ಕೇಳುತ್ತೇವೆ. ನೌಕರರು ವರ್ಷಕ್ಕೊಂದು ದೊಡ್ಡ ದಿನದ ಬದಲು ಸಣ್ಣ ಗುಂಪಾಗಿ ತಿಂಗಳಿಗೊಮ್ಮೆ ಹೋಗುವುದು. ಎಚ್‌ಆರ್ ಮತ್ತು ಸಿಎಸ್‌ಆರ್ ಇಬ್ಬರೂ ಒಂದೇ ಸಭೆಗೆ ಬರಬೇಕು ಅಂತಲೂ ಬರೆದಿದ್ದೇವೆ.

ಲೆಕ್ಕಪತ್ರ ಅವರೇ, ಒಂದು ಸಂದೇಹ. ಎಸ್‌ಡಿಎಂಸಿ ಖಾತೆಗೆ ಸಿಎಸ್‌ಆರ್ ಹಣ ನೇರವಾಗಿ ಹಾಕಬಹುದಾ?

ಲೆಕ್ಕಪತ್ರ

ಆ ದಾರಿ ಬೇಡ. ಬೇರೆ ಸಂಸ್ಥೆಯ ಮೂಲಕ ಮಾಡಿಸುವುದಾದರೆ ಅದು ಸಿಎಸ್‌ಆರ್-1 ಅನ್ನುವ ಅರ್ಜಿ ಹಾಕಿ ಕಂಪನಿ ವ್ಯವಹಾರಗಳ ಸಚಿವಾಲಯದಲ್ಲಿ ನೋಂದಣಿ ಆಗಿರಬೇಕು. ಟ್ರಸ್ಟ್, ಸೊಸೈಟಿ ಆದರೆ ಆದಾಯ ತೆರಿಗೆ ಇಲಾಖೆಯ 12ಎ, 80ಜಿ ನೋಂದಣಿ ಮತ್ತು 3 ವರ್ಷದ ಅನುಭವವನ್ನೂ ನೋಡುತ್ತಾರೆ. ಅದಕ್ಕಿಂತ ಸುಲಭ, ನಿಮ್ಮ ಕಂಪನಿಯೇ ನೇರವಾಗಿ ಕೆಲಸ ಮಾಡಿಸುವುದು. ಕಾನೂನು ಅದಕ್ಕೆ ಅವಕಾಶ ಕೊಟ್ಟಿದೆ. ಪ್ಲಂಬರ್ ಬಿಲ್ಲು, ಬ್ಯಾಟರಿ ಬಿಲ್ಲು ಕಂಪನಿ ಹೆಸರಿಗೇ ಬರಲಿ. ಕ್ಷೇತ್ರ ಶಿಕ್ಷಣಾಧಿಕಾರಿಯಿಂದ ಒಪ್ಪಿಗೆ ಪತ್ರ ಮೊದಲೇ ಪಡೆದುಕೊಳ್ಳಿ. ನಿರ್ವಹಣೆ ಒಪ್ಪಂದವನ್ನು ಸರಬರಾಜು ಮಾಡುವವರ ಜೊತೆ ಈಗಲೇ 3 ವರ್ಷಕ್ಕೆ ಬರೆಸಿ. 3 ವರ್ಷದ ಯೋಜನೆ ಅಂತ ಕಂಪನಿಯ ನಿರ್ದೇಶಕ ಮಂಡಳಿಯಲ್ಲಿ ಮೊದಲೇ ಒಪ್ಪಿಗೆ ಪಡೆದರೆ, ಮಾರ್ಚ್ 31ಕ್ಕೆ ಉಳಿದ ಹಣವನ್ನು 30 ದಿನದೊಳಗೆ ಪ್ರತ್ಯೇಕ ಖಾತೆಗೆ ಹಾಕಿ ಮುಂದಿನ ವರ್ಷ ಬಳಸಬಹುದು. ಆಗ ಮಾರ್ಚ್‌ನಲ್ಲಿ ಓಡಿ ಬರುವ ಅಗತ್ಯವೇ ಇಲ್ಲ.

ಕೋಲಾರದ ಮೇಷ್ಟ್ರು

ಜೂನ್ ಮೊದಲ ವಾರ ಬನ್ನಿ. ಶಾಲೆ ಆಗ ತಾನೇ ಶುರುವಾಗಿರುತ್ತದೆ, ಎಸ್‌ಡಿಎಂಸಿ ಸಭೆಗೂ ತಾಯಂದಿರು ಬರುತ್ತಾರೆ. ಬರುವ ಮೊದಲು ಅಡುಗೆ ಅಮ್ಮಂದಿರಿಗೂ ಹೇಳಿ ಕೂರಿಸಿಕೊಳ್ಳಿ. ಶಾಲೆಯಲ್ಲಿ ನೀರು ಎಷ್ಟು ಹೊತ್ತು ಬರುತ್ತದೆ ಅಂತ ನಮಗಿಂತ ಚೆನ್ನಾಗಿ ಅವರಿಗೆ ಗೊತ್ತು.

ನೀರಗಂಟಿ

ಶೌಚಾಲಯದ ನೀರಿಗೆ ಓವರ್‌ಹೆಡ್ ಟ್ಯಾಂಕ್ ಇಡಿಸುವುದಾದರೆ, ಅದನ್ನು ತೊಳೆಯಲು ಮೆಟ್ಟಿಲು ಮತ್ತು ತೊಳೆದ ನೀರು ಹೊರಗೆ ಬಿಡುವ ವಾಶ್‌ಔಟ್ ವಾಲ್ವ್ ಇದೆಯಾ ಅಂತ ನೋಡಿ. ಎಸ್ಟಿಮೇಟ್ ಬಂದಮೇಲೆ ಇಲ್ಲಿ ಹಾಕಿ, ಪೈಪಿನ ಅಳತೆ ನಾನು ನೋಡಿ ಹೇಳುತ್ತೇನೆ.